ಅತ್ತೆ ಊಟೆಗೆ ಇಳಿದ ಬೆಳಗು

ನಮ್ಮ ಮನೆಯಲ್ಲಿ ಏನಾದರೂ ಕಳೆದುಹೋದರೆ ನಾನು ಮಾಡುವ ಮೊದಲ ಕೆಲಸ ಕುರ್ಚಿ ಎಳೆದುಕೊಂಡು ಕೂರುವುದು. ಸ್ಕೂಟರಿನ ಕೀಲಿ ಇರಲಿ, ಕೊಡೆ ಇರಲಿ, ನನ್ನದೇ ಕನ್ನಡಕ ಇರಲಿ, ಮಿಕ್ಕವರೆಲ್ಲ ಹಾಸಿಗೆ ಕೊಡವಿ, ಬೀರು ಬಗೆದು, ಹಿತ್ತಿಲಿಗೂ ಒಂದು ಸುತ್ತು ಹೋಗಿ ಬರುವಾಗ ನಾನು ನಡುಮನೆಯಲ್ಲಿ ಕೈಕಟ್ಟಿಕೊಂಡು ಕೂತಿರುತ್ತೇನೆ. ನನ್ನ ಹೆಂಡತಿ ಗಿರಿಜೆಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. “ಶುರುವಾಯ್ತು ನೋಡಿ ತಪಸ್ಸು” ಎನ್ನುತ್ತಾಳೆ. “ಎಲ್ಲರೂ ಸ್ವಲ್ಪ ಸುಮ್ಮನಿರಿ, ಅದೇ ಸಿಗುತ್ತೆ” ಎನ್ನುತ್ತೇನೆ ನಾನು. ಎಷ್ಟೋ ಸಲ ಸಿಕ್ಕಿದೆ ಕೂಡ. ಸಿಗದೆ ಹೋದ ಸಲಗಳನ್ನು ನಾನು ನೆನಪಿಟ್ಟುಕೊಂಡಿಲ್ಲ, ಅವಳು ಇಟ್ಟುಕೊಂಡಿದ್ದಾಳೆ.

ಆದರೆ ಈ ಚಾಳಿ ನನಗೆ ಎಲ್ಲಿಂದ ಅಂಟಿಕೊಂಡಿತು ಎಂಬ ಮಾತು ಬಂದಾಗ ಮಾತ್ರ ಗಿರಿಜೆ ತಣ್ಣಗಾಗುತ್ತಾಳೆ. ಏಕೆಂದರೆ ಅದು ಬಂದದ್ದು ಅವಳ ತವರಿನ ಕಡೆಯ ಕಾಡಿನಿಂದ.

ನಿಮಗೆ ನಮ್ಮ ಅರಸೀಕೆರೆ ಬಹುಶಃ ರೈಲ್ವೆ ಸ್ಟೇಷನ್ನಿನಿಂದ ಗೊತ್ತಿರುತ್ತದೆ. ರೈಲು ಬದಲಾಯಿಸಲು ಇಳಿದು, ಒಂದು ಲೋಟ ಕಾಫಿ ಕುಡಿದು, ಮತ್ತೆ ಹತ್ತಿ ಹೋಗಿರುತ್ತೀರಿ. ಊರೊಳಗೆ ಬಂದಿದ್ದರೆ ಗಾಳಿಯಲ್ಲೆಲ್ಲ ಕೊಬ್ಬರಿಯ ವಾಸನೆಯೂ, ಬೀದಿಯ ತುಂಬ ಒಣಗಿ ನಿಂತ ನಲ್ಲಿಗಳೂ ಎದುರಾಗುತ್ತಿದ್ದವು. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಮಾತು. ಆಗ ನಲ್ಲಿಗೆ ನೀರು ಬರುವುದೆಂದರೆ ಮನೆಗೆ ದೂರದ ನೆಂಟರು ಬಂದ ಹಾಗೆ. ಯಾವಾಗ ಬರುತ್ತಾರೋ, ಎಷ್ಟು ಹೊತ್ತು ಇರುತ್ತಾರೋ ಹೇಳುವಂತಿರಲಿಲ್ಲ. ಇನ್ನು ಬೋರ್‌ವೆಲ್ಲಿನ ನೀರು ಸವಳು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬರುತ್ತಿರಲಿಲ್ಲ, ಹಂಡೆಯ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪದರ ಕಟ್ಟುತ್ತಿತ್ತು.

ನಮ್ಮ ಮನೆಯ ನೀರಿನ ಅಧಿಕಾರವೆಲ್ಲ ಚನ್ನಬಸಮ್ಮತ್ತೆಯ ಕೈಯಲ್ಲಿತ್ತು. ಅವರು ನಮ್ಮ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಹತ್ತು ಜನಕ್ಕೆ ಯಜಮಾನರು, ಮನೆಯ ಹೊಸಿಲು ದಾಟಿದರೆ ಅಕ್ಕನ ತಮ್ಮ ಅಷ್ಟೇ. ಅಕ್ಕಿ ತೊಳೆದ ನೀರು ಹಸುವಿಗೆ, ಸೊಪ್ಪು ತೊಳೆದ ನೀರು ಪಾತ್ರೆ ನೆನೆಸುವುದಕ್ಕೆ, ಬಟ್ಟೆ ಹಿಂಡಿದ ನೀರು ಅಂಗಳಕ್ಕೆ ಎಂದು ಅತ್ತೆ ನೀರಿಗೊಂದು ದಾರಿ ಹಾಕಿಟ್ಟಿದ್ದರು. ಸ್ನಾನಕ್ಕೆ ಒಂದು ಬಕೆಟ್ಟು. ಅದರಲ್ಲೂ ತಳದಲ್ಲಿ ಒಂದು ಚೊಂಬು ಉಳಿಸಿ ಬಂದವನು ಒಳ್ಳೆಯ ಹುಡುಗ. ನಾನು ಒಳ್ಳೆಯ ಹುಡುಗ ಅನ್ನಿಸಿಕೊಂಡ ನೆನಪಿಲ್ಲ.

ದೇವರಿಗೂ ಈ ಕಟ್ಟಳೆಯಿಂದ ವಿನಾಯಿತಿ ಇರಲಿಲ್ಲ. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಕೊರಳಲ್ಲಿ ಶಿವದಾರದಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯ ಮೇಲಿಟ್ಟು ಪೂಜೆ ಮಾಡುವ ತನಕ ಅತ್ತೆ ಹನಿ ನೀರನ್ನೂ ಗಂಟಲಿಗೆ ಇಳಿಸುತ್ತಿರಲಿಲ್ಲ. ಜ್ವರ ಬಂದು ಮಲಗಿದಾಗಲೂ ಇದು ತಪ್ಪಿದ್ದಿಲ್ಲ. ಆದರೆ ಅಭಿಷೇಕ ಮಾತ್ರ ಚಮಚದಲ್ಲಿ. “ಇಷ್ಟೇನಾ ಅತ್ತೆ?” ಎಂದು ನಾನು ಚಿಕ್ಕವನಿದ್ದಾಗ ಕೇಳಿದ್ದೆ. “ಅರಸೀಕೆರೆ ಸಮಾಚಾರ ಶಿವನಿಗೆ ಗೊತ್ತೈತೆ ಬಿಡು” ಎಂದಿದ್ದರು.

ಇಂಥ ಮನೆಗೆ ಗಿರಿಜೆ ಸೊಸೆಯಾಗಿ ಬಂದಳು. ಅವಳ ತವರು ಬೇಲೂರಿನಾಚೆ, ಅರೇಹಳ್ಳಿ ಕಡೆಯ ಹಳ್ಳಿ. ಅಲ್ಲಿ ನೀರು ಎಂದರೆ ಎಡವಿದಲ್ಲೆಲ್ಲ ಸಿಗುವ ವಸ್ತು. ಮೊದಲ ವಾರದಲ್ಲೇ ಒಂದು ಸಂಜೆ ಹೊರಗಿನಿಂದ ಬಂದವಳು ಬಚ್ಚಲಿಗೆ ಹೋಗಿ ಕಾಲಿನ ಮೇಲೆ ಚೊಂಬಿನಿಂದ ಧಾರಾಳವಾಗಿ ನೀರು ಸುರಿದುಕೊಂಡಳು. ನಡುಮನೆಯಲ್ಲಿ ಸೊಪ್ಪು ಸೋಸುತ್ತಿದ್ದ ಅತ್ತೆಯ ಕೈ ಒಂದೊಂದು ಚೊಂಬಿನ ಸದ್ದಿಗೂ ನಿಂತು ನಿಂತು ಮುಂದುವರಿಯುತ್ತಿತ್ತು. ಕೊನೆಗೆ ತಡೆಯಲಾಗಲಿಲ್ಲ.

“ಏನವ್ವಾ, ಕಾಲು ತೊಳೀತಿದ್ದೀಯೋ, ಗದ್ದೆಗೆ ನೀರು ಕಟ್ತಿದ್ದೀಯೋ?”

ಗಿರಿಜೆ ನಾಚಿಕೊಂಡು ಹೊರಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಬೈಸಿಕೊಂಡದ್ದಕ್ಕೆ ಅಳುವ ಜಾತಿಯವಳಲ್ಲ. ತನ್ನೂರಿನ ನೀರಿನ ಕಥೆ ಹೇಳಲು ಶುರು ಮಾಡಿದಳು. “ನಮ್ಮ ಕಾಡಲ್ಲಿ ಒಂದು ಊಟೆ ಐತೆ ದೊಡ್ಡತ್ತೆ. ಕಲ್ಲಿನ ಸಂದೀಲಿ ಬುಳುಬುಳು ಅಂತ ನೀರು ಉಕ್ಕುತ್ತಾನೇ ಇರ್ತದೆ. ಬ್ಯಾಸಿಗೇಲೂ ನಿಲ್ಲಲ್ಲ.”

“ಮೋಟ್ರು ಯಾರು ಹಾಕ್ಸಿರಾದು?”

“ಯಾರೂ ಇಲ್ಲ. ಅದೇ ಬರ್ತದೆ.”

ಅತ್ತೆ ಸೊಪ್ಪಿನ ಮೊರ ಕೆಳಗಿಟ್ಟರು. ಯಾರೂ ಪಂಪು ಹೊಡೆಯದೆ, ಯಾರೂ ಸರದಿ ನಿಲ್ಲದೆ, ಹಗಲೂ ರಾತ್ರಿ ಅದರಷ್ಟಕ್ಕೆ ಅದೇ ಬರುವ ನೀರು ಎಂಬುದು ಅವರ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದ ಮೇಲೆ ಹೊರಗೆ ಬರಲಿಲ್ಲ. ಎರಡು ದಿನಕ್ಕೊಮ್ಮೆ “ಅದು ಈಗ್ಲೂ ಬತ್ತಾ ಇರ್ತದೇನೇ?” ಎಂದು ಕೇಳುವರು. ಗಿರಿಜೆ “ಹೂಂ, ಈಗ್ಲೂ” ಎನ್ನುವಳು. ಕಾರ್ತಿಕ ಮಾಸದಲ್ಲಿ ನೆಲ್ಲಿ ಮರದ ಕೆಳಗೆ ಕೂತು ವನಭೋಜನ ಮಾಡುವುದು ನಮ್ಮಲ್ಲಿ ರೂಢಿ. ಪ್ರತಿ ವರ್ಷ ಊರಾಚೆಯ ಯಾರದೋ ತೆಂಗಿನ ತೋಟದಲ್ಲಿ, ಇದ್ದೊಂದು ಬಡಕಲು ನೆಲ್ಲಿ ಗಿಡದ ಪಕ್ಕ ಮುಗಿಯುತ್ತಿದ್ದ ಆ ಊಟ ಆ ವರ್ಷ ಊಟೆಯ ಹತ್ತಿರವೇ ಆಗಬೇಕು ಎಂದು ಅತ್ತೆ ತೀರ್ಮಾನ ಕೊಟ್ಟರು.

ಹಾಗೆ ಒಂದು ನಸುಕಿನಲ್ಲಿ ನಮ್ಮ ಕೊಬ್ಬರಿ ಸಾಗಿಸುವ ಟೆಂಪೋ ಹೊರಟಿತು. ಓಡಿಸುವವನು ನಾನು. ಪಕ್ಕದಲ್ಲಿ ಅಪ್ಪ. ಹಿಂದೆ ಗೋಣಿಚೀಲ ಹಾಸಿಕೊಂಡು ಅತ್ತೆ, ಅಮ್ಮ, ಗಿರಿಜೆ. ಅವರ ಮಧ್ಯೆ ಕಾಯಿ ಹೋಳಿಗೆಯ ಡಬ್ಬಿ, ಅಕ್ಕಿರೊಟ್ಟಿಯ ಗಂಟು, ಹುಚ್ಚೆಳ್ಳು ಚಟ್ನಿಪುಡಿ, ಚಿತ್ರಾನ್ನದ ದೊಡ್ಡ ಪಾತ್ರೆ. ಬೆಳಿಗ್ಗೆ ನಾವೆಲ್ಲ ಒಂದಿಷ್ಟು ಉಪ್ಪಿಟ್ಟು ತಿಂದಿದ್ದೆವು. ಅತ್ತೆ ಮಾತ್ರ ಏನೂ ಮುಟ್ಟಿರಲಿಲ್ಲ. ಪೂಜೆಯನ್ನು ಊಟೆಯ ನೀರಿನಲ್ಲೇ ಮಾಡುತ್ತೇನೆ, ಆಮೇಲೆ ಊಟ, ಎಂದು ಹಟ ಹಿಡಿದಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಊಟ ತಪ್ಪಿಸಬಾರದು ಎಂದು ಡಾಕ್ಟರು ಹೇಳಿದ್ದರು. “ಮಧ್ಯಾಹ್ನದೊಳಗೆ ಉಂಡ್ರಾಯ್ತಲ್ಲ” ಎಂದು ಅತ್ತೆ ಅದನ್ನು ಅಲ್ಲಿಗೇ ಮುಗಿಸಿದ್ದರು.

ಹಳೇಬೀಡಿನಲ್ಲಿ ಗಾಡಿ ನಿಲ್ಲಿಸಲೇಬೇಕಾಯಿತು. ಹಳೇಬೀಡು, ಬೇಲೂರು ನಮಗೆ ಸ್ವಂತಕ್ಕೆ ನೋಡುವ ಊರುಗಳಲ್ಲ, ಬಂದ ನೆಂಟರಿಗೆ ತೋರಿಸುವ ಊರುಗಳು. ಬೊಂಬಾಯಿಯ ದಾಯಾದಿಗಳು ಬಂದರೆ ಹಳೇಬೀಡು, ಹುಬ್ಬಳ್ಳಿಯ ಬೀಗರು ಬಂದರೆ ಹಳೇಬೀಡು. ಅಲ್ಲಿನ ಗೈಡುಗಳು ನನ್ನ ಮುಖ ಕಂಡರೆ ನಗುವಷ್ಟು ಸಲ ಹೋಗಿದ್ದೇನೆ. ಅತ್ತೆಯೂ ಪ್ರತಿ ಸಲ ಜೊತೆಗೆ ಬರುತ್ತಿದ್ದರು. ದೇವರಿಗೆ ಕೈಮುಗಿದವರೇ ನೆಂಟರನ್ನು ಕಲ್ಲಿನ ಆನೆ ಕುದುರೆಗಳ ಹತ್ತಿರ ಬಿಟ್ಟು ಪಕ್ಕದ ಕೆರೆಯ ಕಡೆ ಹೊರಟುಬಿಡುತ್ತಿದ್ದರು. ಜಗತ್ತೆಲ್ಲ ಅಲ್ಲಿಗೆ ಶಿಲ್ಪ ನೋಡಲು ಬಂದರೆ ನಮ್ಮ ಅತ್ತೆ ನೀರು ನೋಡಲು ಬರುತ್ತಿದ್ದರು. ಆ ದಿನವೂ ಟೆಂಪೋದಿಂದ ಕತ್ತು ಚಾಚಿ ನೋಡಿ, “ತುಂಬೈತೆ, ನಡಿ” ಎಂದರು.

ಬೇಲೂರು ದಾಟಿ, ಅರೇಹಳ್ಳಿಯ ದಾರಿ ಹಿಡಿದು, ಗಿರಿಜೆ ಹೇಳಿದ ಕಡೆ ಮಣ್ಣಿನ ರಸ್ತೆಗೆ ತಿರುಗಿ, ಗಾಡಿ ಇನ್ನು ಮುಂದೆ ಹೋಗದು ಎನ್ನುವಲ್ಲಿ ಇಳಿದೆವು. ಅಲ್ಲಿಂದ ಕಾಡಿನೊಳಗೆ ಕಾಲುದಾರಿ. ಗಿರಿಜೆ ಮುಂದೆ, ತವರಿನ ನೆಲ ಕಂಡ ಖುಷಿಯಲ್ಲಿ ಪಾತ್ರೆ ಹೊತ್ತುಕೊಂಡೇ ಓಡುತ್ತಿದ್ದಳು. ಅಪ್ಪನೂ ನಾನೂ ಜಿಗಣೆ ಇದೆಯೇ ಎಂದು ಹೆಜ್ಜೆ ಹೆಜ್ಜೆಗೂ ಪಂಚೆ ಎತ್ತಿ ನೋಡಿಕೊಳ್ಳುತ್ತ ಹಿಂದೆ. ಬಯಲುಸೀಮೆಯ ಗಂಡಸರ ಧೈರ್ಯವೆಲ್ಲ ಮರಗಳು ದಟ್ಟವಾಗುವ ತನಕ.

ಊಟೆ ಅವಳು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಒಂದು ದೊಡ್ಡ ನೇರಳೆ ಮರದ ಬುಡದಲ್ಲಿ, ನಮ್ಮ ನಡುಮನೆಯಷ್ಟು ಅಗಲದ ಕಲ್ಲಿನ ಹೊಂಡ. ಒಂದು ಮೂಲೆಯಲ್ಲಿ ಬಂಡೆಯ ಸಂದಿನಿಂದ ನೀರು ಉಕ್ಕುತ್ತಿತ್ತು. ಅಲ್ಲಿ ತಳದ ಮರಳು ಕುದಿಯುವ ಗಂಜಿಯ ಹಾಗೆ ಮೆಲ್ಲಗೆ ಕುಣಿಯುತ್ತಿತ್ತು. ಇನ್ನೊಂದು ಮೂಲೆಯಿಂದ ಹೆಚ್ಚಾದ ನೀರು ಸಣ್ಣ ಕಾಲುವೆಯಾಗಿ ಹರಿದು ಕಾಡಿನೊಳಗೆ ಹೋಗುತ್ತಿತ್ತು. ಎದೆಮಟ್ಟ ನೀರಿದ್ದರೂ ತಳದ ಒಂದೊಂದು ಕಲ್ಲೂ ಕಾಣುತ್ತಿತ್ತು. ಅತ್ತೆ ಹೊಂಡದ ದಡದಲ್ಲೇ ಒಂದು ಸುತ್ತು ಬಂದರು. ಆಮೇಲೆ ಹರಿದು ಹೋಗುವ ನೀರನ್ನು ತೋರಿಸಿ, “ಇದು ಹಿಂಗೇ ಹೋಗಿಬಿಡ್ತದಾ? ಯಾರೂ ಹಿಡ್ಕಳಲ್ವಾ?” ಎಂದು ಕೇಳಿದರು. ಅವರ ಧ್ವನಿಯಲ್ಲಿ ನಿಜವಾದ ಸಂಕಟವಿತ್ತು.

ಅಮ್ಮ ಮತ್ತು ಗಿರಿಜೆ ಸ್ವಲ್ಪ ಆಚೆ ನೆಲ್ಲಿ ಮರದ ಕೆಳಗೆ ಎಲೆ ಹಾಸುವಾಗ ಅತ್ತೆ ನೀರಿನಂಚಿನ ಚಪ್ಪಟೆ ಕಲ್ಲಿನ ಮೇಲೆ ಪೂಜೆಗೆ ಕೂತರು. ಲಿಂಗವನ್ನು ಅಂಗೈಯ ಮೇಲಿಟ್ಟರು. ಚಮಚ ತೆಗೆದರು. ಚಮಚವನ್ನು ನೋಡಿದರು, ಮುಂದೆ ತುಂಬಿ ತುಳುಕುತ್ತಿದ್ದ ನೀರನ್ನು ನೋಡಿದರು. ಜನ್ಮವಿಡೀ ಹನಿ ಹನಿ ಅಳೆದು ಹಾಕಿದವರಿಗೆ ಆ ಕ್ಷಣದಲ್ಲಿ ಏನನ್ನಿಸಿತೋ, ಚಮಚ ಬದಿಗಿಟ್ಟು ಮುಂದಕ್ಕೆ ಬಾಗಿ ಲಿಂಗದ ಸಮೇತ ಅಂಗೈಯನ್ನು ನೀರಿನಲ್ಲಿ ಮುಳುಗಿಸಿಬಿಟ್ಟರು. ಆ ನೀರು ಎಷ್ಟು ತಣ್ಣಗಿರುತ್ತದೆಂದು ಅವರಿಗೇನು ಗೊತ್ತು? ಕೈ ಜುಮ್ಮೆಂದು ಬೆರಳು ಬಿಚ್ಚಿಕೊಂಡವು.

“ಅಯ್ಯೋ ಶಿವನೇ!” ಎಂಬ ಕೂಗು ಕೇಳಿ ನಾವೆಲ್ಲ ಓಡಿದೆವು. ಅತ್ತೆ ಖಾಲಿ ಅಂಗೈಯನ್ನು ಹಾಗೆಯೇ ಚಾಚಿಕೊಂಡು ಕೂತಿದ್ದರು.

ಆಗ ನಾವು ಮಾಡಿದ ಕೆಲಸ ಯಾವ ಶತ್ರುವೂ ಮಾಡುತ್ತಿರಲಿಲ್ಲ. ನಾನು ಅಂಗಿ ಬಿಚ್ಚಿ ಧುಮುಕಿದೆ. ಅಪ್ಪ ಪಂಚೆ ಎತ್ತಿ ಕಟ್ಟಿ ಧುಮುಕಿದರು. ತಳದ ಕೆಸರೆಲ್ಲ ಮೇಲೆದ್ದು ಒಂದು ಗಳಿಗೆಯಲ್ಲಿ ಆ ಕನ್ನಡಿಯಂಥ ನೀರು ರಾಗಿ ಅಂಬಲಿಯಾಯಿತು. ನಾವಿಬ್ಬರೂ ಬಗ್ಗಿ ಬಗ್ಗಿ ತಡಕುತ್ತಿದ್ದೆವು. ದಡದಿಂದ ಅಮ್ಮ ಕೂಗಿದರು, “ಸಿಕ್ಕಿದ್ರೆ ಮುಟ್ಬ್ಯಾಡ್ರಿ!”

“ಮುಟ್ದೆ ತಡಕೋದು ಹೆಂಗಮ್ಮ?” ಎಂದೆ ನಾನು.

“ಅದೆಲ್ಲ ನಂಗೊತ್ತಿಲ್ಲ. ಅತ್ತಿಗೆ ಲಿಂಗ ಬ್ಯಾರೆಯವ್ರು ಮುಟ್ಟಂಗಿಲ್ಲ.”

ಅದು ನಿಜ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದು ನಮ್ಮ ಮನೆಯಲ್ಲಿ ಇಲ್ಲ. ಅಪ್ಪ ಕೈ ಮೇಲೆತ್ತಿ ನಿಂತು ಯೋಚಿಸಿದರು. ಇದ್ದಕ್ಕಿದ್ದಂತೆ ಅವರ ಮುಖ ಬಿಳಿಚಿಕೊಂಡಿತು. “ಲೇ, ಕಾಲು! ಕಾಲು ಎಲ್ಲಿಟ್ಟಿದ್ದೀಯೋ?” ಕೈಯಲ್ಲಿ ಮುಟ್ಟಬಾರದ್ದನ್ನು ನಾವು ಕಾಲಿನಲ್ಲಿ ತುಳಿಯುತ್ತಿರಬಹುದು ಎಂದು ಆಗಷ್ಟೇ ಹೊಳೆದಿತ್ತು. ಇಬ್ಬರೂ ಒಟ್ಟಿಗೆ ಕಾಲೆತ್ತಲು ಹೋಗಿ ಒಟ್ಟಿಗೆ ಮುಳುಗಿದೆವು.

ದಡಕ್ಕೆ ಬಂದ ಮೇಲೆ ಅಪ್ಪ ವ್ಯಾಪಾರಿಯ ಬುದ್ಧಿ ಓಡಿಸಿದರು. ನೀರನ್ನೇ ಖಾಲಿ ಮಾಡಿದರೆ? ಮೊದಲು ಹರಿದು ಹೋಗುವ ಮೂಲೆಗೆ ಲಿಂಗ ಕೊಚ್ಚಿಕೊಂಡು ಹೋಗದಿರಲೆಂದು ಗೋಣಿಚೀಲ ಅಡ್ಡ ಕಟ್ಟಿದೆವು. ಆಮೇಲೆ ಟೆಂಪೋದ ಬಕೆಟ್ಟು, ಚಿತ್ರಾನ್ನ ಸುರಿದಿಟ್ಟು ಖಾಲಿ ಮಾಡಿದ ಪಾತ್ರೆ ಹಿಡಿದು ಮೊಗೆದೇ ಮೊಗೆದೆವು. ನಾವು ಎಷ್ಟು ಮೊಗೆದರೂ ಆ ಮೂಲೆಯಿಂದ ಅಷ್ಟೇ ನೀರು ಬುಳುಬುಳು ಎಂದು ಬಂದು ಕೂರುತ್ತಿತ್ತು. ಅತ್ತೆ ಅಲ್ಲಿಯತನಕ ಕಣ್ಣು ಮುಚ್ಚಿ ಕೂತಿದ್ದವರು ಕಣ್ಣು ಬಿಟ್ಟರು. ಅಂಥ ದುಃಖದಲ್ಲೂ ಅವರಿಗೆ ಅದನ್ನು ನೋಡಲಾಗಲಿಲ್ಲ.

“ಯಾಕ್ರೋ ಹಿಂಗೆ ನೀರು ಚೆಲ್ತೀರಾ? ನಿಲ್ಸಿ. ಯಾರೂ ಇಳೀಬ್ಯಾಡಿ, ಯಾರೂ ಕೈ ಅದ್ದಬ್ಯಾಡಿ. ಕದಡಿದೋರು ನಾವು. ತಿಳಿ ಮಾಡ್ಕಣಾದು ಅದ್ರ ಕೆಲ್ಸ. ಸುಮ್ನೆ ಕೂತ್ಕಳಿ.”

“ಎಷ್ಟೊತ್ತು ಕೂರಾದು ಅಕ್ಕಾ?”

“ತಿಳಿಯಾಗೋಗಂಟ.”

ಅಪ್ಪ ಅಕ್ಕನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೆತ್ತಗೆ ಹೇಳಿದರು. “ಊರಿಗೆ ಹೋಗಾನ ಅಕ್ಕ. ಮಠಕ್ಕೆ ಹೋಗಿ ಬುದ್ಧಿಯವ್ರಿಗೆ ಹೇಳಿ ಬ್ಯಾರೆ ಲಿಂಗ ಧಾರಣೆ ಮಾಡ್ಸಿದ್ರಾಯ್ತು. ಈಗ ಒಸಿ ನೀರಾದ್ರೂ ಕುಡಿ.”

ಅತ್ತೆ ತಮ್ಮನ ಮುಖ ನೋಡಿದರು. “ನನ್ ಗಂಡ ಸತ್ತಾಗ ಜೊತೇಲಿ ಇದ್ದದ್ದು ಇದೊಂದೇ ಕಣಪ್ಪ. ಇದನ್ನ ನೀರೊಳಗೆ ಬಿಟ್ಟು ಬ್ಯಾರೇದು ಕಟ್ಕಂಡು ಬತ್ತೀನಾ? ಅದು ನನ್ ಕೈಗೆ ಬರಾಗಂಟ ನನ್ ಬಾಯಿಗೆ ಏನೂ ಬ್ಯಾಡ.”

ಅಲ್ಲಿಗೆ ಮಾತು ಮುಗಿಯಿತು. ಅತ್ತೆ ಹಿಂದಿನ ರಾತ್ರಿ ಉಂಡದ್ದೇ ಕೊನೆ. ಅವರ ಹಟ ನಮಗೆಲ್ಲ ಗೊತ್ತಿತ್ತು. ಅವರ ಕಾಯಿಲೆಯೂ ಗೊತ್ತಿತ್ತು. ಜಗತ್ತಿನಲ್ಲೇ ಸಿಹಿಯಾದ ನೀರಿನ ಪಕ್ಕ ಕೂತು ಅವರ ತುಟಿ ಒಣಗುತ್ತಿತ್ತು.

ಅಮ್ಮ ಕೆಟ್ಟವರಲ್ಲ. ಹೆದರಿಕೆಯಾದಾಗ ಅವರ ಬಾಯಿ ಅವರ ಮಾತು ಕೇಳುವುದಿಲ್ಲ, ಅಷ್ಟೇ. ನೆಲ್ಲಿ ಮರದ ಕೆಳಗೆ ಪಾತ್ರೆ ಸರಿಸುತ್ತ, “ಇಷ್ಟು ವರ್ಸ ಆಗ್ದಿದ್ದದ್ದು ಈಗಾಯ್ತಲ್ಲ. ಯಾರ ಕಾಲ್ಗುಣವೋ ಏನೋ” ಎಂದರು. ಮೆಲ್ಲಗೇ ಎಂದರು. ಆದರೆ ಕಾಡಿನಲ್ಲಿ ಮೆಲ್ಲನೆಯ ಮಾತೇ ಹೆಚ್ಚು ಕೇಳುತ್ತದೆ. ಎಲೆ ಒರೆಸುತ್ತಿದ್ದ ಗಿರಿಜೆ ತಲೆ ಎತ್ತಲಿಲ್ಲ. ಅವಳು ಮದುವೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ಊಟೆಯ ಕಥೆ ಹೇಳಿದವಳೂ ಅವಳೇ, ದಾರಿ ತೋರಿಸಿದವಳೂ ಅವಳೇ. ಅತ್ತೆಗೆ ಏನಾದರೂ ಆದರೆ ಆ ಮಾತು ಅವಳ ತಲೆಯ ಮೇಲೆ ಸಾಯುವ ತನಕ ಕೂರುತ್ತದೆ ಎಂದು ನನಗೆ ಗೊತ್ತಾಯಿತು. ಅಮ್ಮನಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಹೋಗಿ ಗೋಣಿಚೀಲದ ಗಂಟು ಬಿಗಿ ಇದೆಯೇ ಎಂದು ನೋಡಿ ಬಂದೆ.

ಸಂಜೆಯಾಗುತ್ತಿದ್ದಂತೆ ಅರಣ್ಯ ಇಲಾಖೆಯ ವಾಚರ್ ಒಬ್ಬ ಕೈಯಲ್ಲಿ ಕತ್ತಿ ಹಿಡಿ‌ದು ಆ ಕಡೆ ಬಂದ. ಸಣ್ಣಪ್ಪ ಎಂದು ಹೆಸರು, ಗಿರಿಜೆಯ ಊರಿನವನೇ. ನಮ್ಮ ಪಾತ್ರೆ ಪಡಗ ನೋಡಿ, “ಕತ್ಲಾದ್ಮೇಲೆ ಇಲ್ಲಿರಂಗಿಲ್ಲ ಸಾಮಿ. ಆನೆ ನೀರಿಗೆ ಬರೋ ಜಾಗ” ಎಂದ.

ಅಪ್ಪನೂ ನಾನೂ ತಕ್ಷಣ ಎದ್ದು ನಿಂತೆವು. ಅತ್ತೆ ಕೂತಲ್ಲಿಂದಲೇ ಕೇಳಿದರು, “ಬಂದ್ರೆ ನೀರೊಳಕ್ಕೆ ಇಳೀತದಾ?”

“ಇಳೀದೆ ಇರ್ತದಾ ತಾಯಿ? ಮರಿ ಇದ್ರೆ ಹೊರಳಾಡ್ತವೆ.”

“ಹಂಗಾದ್ರೆ ಅದು ಬರಬಾರ್ದು” ಎಂದರು ಅತ್ತೆ, ಹಾಲಿನವನಿಗೆ ನಾಳೆ ಬರಬೇಡ ಎನ್ನುವ ಧ್ವನಿಯಲ್ಲಿ. ಆನೆ ನಮ್ಮನ್ನು ತುಳಿದೀತು ಎಂಬುದಲ್ಲ ಅವರ ಚಿಂತೆ. ನೀರು ಮತ್ತೆ ಕದಡೀತು ಎಂಬುದು.

ಸಣ್ಣಪ್ಪನಿಗೆ ವಿಷಯ ಗೊತ್ತಾದಾಗ ಅವನು ಚಪ್ಪಲಿ ಬಿಟ್ಟು ನೀರಿಗೆ ಕೈಮುಗಿದ. “ಆಯ್ತು ತಾಯಿ, ಅವು ಬರೋ ದಾರೀಲಿ ಬೆಂಕಿ ಹಾಕಾನ. ನಾನೂ ಇಲ್ಲೇ ಇರ್ತೀನಿ” ಎಂದ. ಟೆಂಪೋದ ಟಾರ್ಪಾಲು ತಂದು ಮರದಿಂದ ಮರಕ್ಕೆ ಕಟ್ಟಿದೆವು. ಗೋಣಿಚೀಲಗಳೇ ಹಾಸಿಗೆ, ಗೋಣಿಚೀಲಗಳೇ ಹೊದಿಕೆ. ಈಗಿನವರು ದುಡ್ಡು ಕೊಟ್ಟು ಕಾಡಿನಲ್ಲಿ ಟೆಂಟು ಹಾಕಿಸಿಕೊಂಡು ಮಲಗುತ್ತಾರಂತೆ. ಕೊಬ್ಬರಿಯ ಚೂರು ಕುತ್ತಿಗೆಗೆ ಚುಚ್ಚುವ ಆ ಸುಖ ಅವರಿಗೆ ಸಿಗಲಾರದು.

“ನನ್ ಸಲುವಾಗಿ ಯಾರೂ ಉಪಾಸ ಇರಬ್ಯಾಡಿ, ತಿನ್ರಿ” ಎಂದು ಅತ್ತೆ ಗದರಿದ ಮೇಲೆ ನಾವು ಊಟಕ್ಕೆ ಕೂತೆವು. ಗಿರಿಜೆ ಎಲ್ಲರಿಗೂ ಬಡಿಸಿದಳು, ಸಣ್ಣಪ್ಪನಿಗೂ ಬಡಿಸಿದಳು. ನಾನು ಎಷ್ಟು ಕಾಯಿ ಹೋಳಿಗೆ ತಿಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ದುಃಖದಲ್ಲಿ ನನಗೆ ಹಸಿವು ಜಾಸ್ತಿ.

ಆದರೆ ಊಟವಾದ ಮೇಲೆ ಬೆಂಕಿಯ ಬೆಳಕಿನಲ್ಲಿ ಅತ್ತೆಯ ಕೈ ನಡುಗುತ್ತಿದ್ದದ್ದನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು. ಅಪ್ಪ ನನ್ನನ್ನು ಆಚೆ ಕರೆದು, “ಬೆಳಿಗ್ಗೆ ಸಿಗ್ಲಿಲ್ಲ ಅಂದ್ರೆ ಎತ್ಕಂಡು ಹೋಗಿ ಬೇಲೂರು ಆಸ್ಪತ್ರೆಗೆ ಹಾಕಾದೇ” ಎಂದು ಪಿಸುಗುಟ್ಟಿದರು. ಟಾರ್ಪಾಲಿನ ಕೆಳಗಿನಿಂದ ಅತ್ತೆಯ ದನಿ ಬಂತು. “ಎತ್ಕಂಡು ಹೋಗ್ರಪ್ಪ. ಬಾಯಿ ತೆಗೆಯೋಳು ನಾನೇ ತಾನೆ?”

ಆನೆ ಬರಲಿಲ್ಲ. ಬಂದದ್ದು ಚಳಿ. ನಮ್ಮ ಪಾಲಿಗೆ ಆ ರಾತ್ರಿಯೆಲ್ಲ ಇದ್ದದ್ದು ಕಾಡಿನ ಸದ್ದಲ್ಲ, ಮೂಲೆಯಲ್ಲಿ ನೀರು ಉಕ್ಕುವ ಒಂದೇ ಸದ್ದು. ನಾನು ಅದನ್ನು ಕೇಳುತ್ತ, ಬೇಗ ಬೇಗ ತೊಳಿ, ಬೇಗ ಬೇಗ ತೊಳಿ, ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ನಿದ್ದೆ ಹೋದೆ.

ಬೆಳಿಗ್ಗೆ ಕಣ್ಣು ಬಿಟ್ಟಾಗ ಅಮ್ಮ ದಡದಲ್ಲಿ ಬೋರಲು ಮಲಗಿ ನೀರನ್ನು ನೋಡುತ್ತಿದ್ದರು. ಎಷ್ಟು ಹೊತ್ತಿನಿಂದ ಹಾಗೆ ಮಲಗಿದ್ದರೋ, ಸೆರಗೆಲ್ಲ ಇಬ್ಬನಿಯಲ್ಲಿ ನೆನೆದಿತ್ತು. ನೀರು ಮತ್ತೆ ಮೊದಲಿನ ಹಾಗೇ ಆಗಿತ್ತು. ನಾವು ಎಬ್ಬಿಸಿದ ಕೆಸರೆಲ್ಲ ಎಲ್ಲಿ ಹೋಯಿತೋ ಗುರುತೇ ಇರಲಿಲ್ಲ. ನಾವೆಲ್ಲ ಸುತ್ತ ಬಗ್ಗಿ ನಿಂತೆವು. ತಳದಲ್ಲಿ ಲಿಂಗದ ಹಾಗೆ ಕಪ್ಪಗೆ ಗುಂಡಗಿದ್ದ ಸಾವಿರ ಕಲ್ಲುಗಳಿದ್ದವು. ನನಗೆ ಎಲ್ಲವೂ ಒಂದೇ ಥರ ಕಂಡವು.

“ಮಾತಾಡಿಸ್ಬ್ಯಾಡಿ” ಎಂದರು ಅಮ್ಮ. ದಿನಾ ಅಕ್ಕಿಯಲ್ಲಿ ಕಲ್ಲು ಆರಿಸುವ ಕಣ್ಣು ಅವರದು. ಆ ಕಣ್ಣು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಧಾನವಾಗಿ ಹೋಗುತ್ತಿತ್ತು. ನೀರು ಉಕ್ಕುವ ಜಾಗಕ್ಕೆ ಬಂದು ನಿಂತಿತು. “ಅತ್ತಿಗೇ” ಎಂದರು. ಬೆರಳು ತೋರಿಸಿದರು. “ಅತ್ತಿಗೇ, ಅಲ್ಲೈತೆ!”

ಕುಣಿಯುವ ಮರಳಿನ ಅಂಚಿನಲ್ಲಿ ಅದು ಕೂತಿತ್ತು. ಸುತ್ತ ಮರಳು ಏಳುತ್ತಿತ್ತು, ಬೀಳುತ್ತಿತ್ತು. ಅದು ಮಾತ್ರ ಅಲ್ಲಾಡದೆ ಫಳಫಳ ಹೊಳೆಯುತ್ತಿತ್ತು. ಅತ್ತೆ ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಒಂದು ಕ್ಷಣ ಅವರ ಮುಖದಲ್ಲಿ ನಗು ಬಂತು. “ನೋಡು ನೋಡು, ರಾತ್ರಿಯೆಲ್ಲ ಅಭಿಷೇಕ ಮಾಡಿಸ್ಕಂಡು ಹೆಂಗ್ ಕೂತೈತೆ.”

ಸಿಕ್ಕಿತು. ಆದರೆ ಕೈಗೆ ಬರಬೇಕಲ್ಲ? ನಾವು ಯಾರೂ ಮುಟ್ಟುವಂತಿಲ್ಲ. ಬಕೆಟ್ಟಿಗಿಂತ ಆಳದ ನೀರಿನಲ್ಲಿ ಕೈ ಇಟ್ಟು ಗೊತ್ತಿಲ್ಲದ ಅರವತ್ತು ದಾಟಿದ ಹೆಂಗಸು, ಅದೂ ನಿನ್ನೆಯಿಂದ ಉಪವಾಸವಿದ್ದವರು, ಎದೆಮಟ್ಟ ನೀರಿಗೆ ಇಳಿದು ಮುಳುಗಬೇಕು. ಅಪ್ಪ ಬೇಡ ಎನ್ನುವುದರೊಳಗೆ ಗಿರಿಜೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಿದ್ದಳು. ಬದಿಯ ಕಲ್ಲುಗಳ ಮೇಲೆ ಕಾಲೂರಿ, ಕೆಸರೇಳದ ಹಾಗೆ ನಿಧಾನವಾಗಿ ಹೋಗಿ ನಿಂತು ಎರಡೂ ಕೈ ಚಾಚಿದಳು. “ಬನ್ನಿ ದೊಡ್ಡತ್ತೆ. ನಾನಿದ್ದೀನಿ. ಈ ನೀರು ನಂಗೆ ಗೊತ್ತು.”

ಅತ್ತೆ ಕನ್ನಡಕ ಬಿಚ್ಚಿ ಅಮ್ಮನ ಕೈಗೆ ಕೊಟ್ಟು ಇಳಿದರು. ಮೊಳಕಾಲು ಮುಳುಗಿತು, ಸೊಂಟ ಮುಳುಗಿತು. “ಅಯ್ಯಪ್ಪಾ, ಚಳಿ ಕಣೇ” ಎನ್ನುತ್ತ ಗಿರಿಜೆಯನ್ನು ಮಗುವಿನ ಹಾಗೆ ತಬ್ಬಿಕೊಂಡರು. ಅಮ್ಮ ದಡದಿಂದ ಉದ್ದದ ಬಿದಿರು ಕಡ್ಡಿ ಹಿಡಿದು ಲಿಂಗದಿಂದ ಗೇಣು ದೂರದಲ್ಲಿ ಊರಿ ತೋರಿಸುತ್ತಿದ್ದರು. ಅತ್ತೆ ಮೂಗು ಹಿಡಿದು ಮುಳುಗಿದರು, ಉಸಿರು ಸಾಲದೆ ಎದ್ದರು. ಮತ್ತೆ ಮುಳುಗಿದರು, ಮರಳು ಹಿಡಿದು ಎದ್ದರು. ಗಿರಿಜೆ ಅವರ ಬೆನ್ನು ಸವರಿ, “ಕಡ್ಡಿ ಹಿಡ್ಕಂಡೇ ಕೆಳಗಿಳೀರಿ, ಅವಸರ ಬ್ಯಾಡ” ಎಂದಳು. ಅತ್ತೆ ಮತ್ತೆ ಹೋದರು. ಈ ಸಲ ಬಹಳ ಹೊತ್ತು ಬರಲಿಲ್ಲ. ಅಪ್ಪ ನನ್ನ ಭುಜವನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಆ ನೋವು ಊರಿಗೆ ಬಂದ ಮೇಲೂ ಇತ್ತು.

ಅತ್ತೆ ಎದ್ದರು. ಎಡಗೈ ಮುಷ್ಟಿ ಬಿಗಿದಿತ್ತು. ಅದನ್ನು ಎದೆಗೊತ್ತಿಕೊಂಡಿದ್ದರು.

“ಮುಷ್ಟಿ ಬಿಡಬ್ಯಾಡಿ ಅತ್ತಿಗೇ, ದಡಕ್ಕೆ ಬರಾಗಂಟ ಬಿಡಬ್ಯಾಡಿ!” ಎಂದು ಅಮ್ಮ ಕೂಗಿದರು. ಅತ್ತೆ ಕೇಳಿಸಿಕೊಳ್ಳಲಿಲ್ಲ. ಎದೆಮಟ್ಟ ನೀರಿನಲ್ಲಿ ನಿಂತೇ ಅಂಗೈ ಬಿಚ್ಚಿ, ಬಲಗೈಯಲ್ಲಿ ನೀರು ಮೊಗೆದು ಮೊಗೆದು ಲಿಂಗದ ಮೇಲೆ ಹಾಕಿದರು. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು. ಆಮೇಲೆ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಸೇರಿಸಿ ಮುಚ್ಚಳ ಬಿಗಿದರು. ನನ್ನ ಎದೆಯ ಮೇಲೆ ನಿನ್ನೆಯಿಂದ ಕೂತಿದ್ದ ಬಂಡೆಗಲ್ಲು ಆಗ ಉರುಳಿತು. ಸಣ್ಣಪ್ಪ “ಗೆದ್ರಿ ತಾಯಿ” ಎಂದ. ಇನ್ನು ಅವರು ನೀರು ಕುಡಿಯುವುದೊಂದು ಬಾಕಿ. ನಾವೆಲ್ಲ ಅವರ ಬಾಯಿಯನ್ನೇ ನೋಡುತ್ತ ನಿಂತೆವು.

ಅತ್ತೆ ಬೊಗಸೆ ತುಂಬ ನೀರು ಮೊಗೆದರು. ಬೊಗಸೆ ಅವರ ಬಾಯಿಗೆ ಹೋಗಲಿಲ್ಲ. ಗಿರಿಜೆಯ ತುಟಿಯ ಹತ್ತಿರ ಹೋಗಿ ನಿಂತಿತು.

“ಮೊದ್ಲು ನೀನು ಕುಡಿಯೇ.”

“ಬ್ಯಾಡ ದೊಡ್ಡತ್ತೆ, ನೀವು ಕುಡೀರಿ ಮೊದ್ಲು.”

“ನಿನ್ನೆಯಿಂದ ನೋಡ್ತಾನೇ ಇದ್ದೀನಿ. ಎಲ್ರಿಗೂ ಬಡಿಸ್ದೆ, ಎಲ್ರಿಗೂ ನೀರು ಕೊಟ್ಟೆ. ನಿನ್ ಬಾಯಿಗೆ ಒಂದ್ ಹನಿ ಹಾಕ್ಕಂಡ್ಯಾ? ನನ್ ಕೈ ಜಾರಿದ್ದಕ್ಕೆ ನೀನ್ಯಾಕೆ ಉಪಾಸ ಬಿದ್ದಿದ್ದೀಯೇ ಹುಚ್ಚಿ?”

ನಾನು ಅವಳ ಪಕ್ಕದಲ್ಲೇ ಕೂತು ಹೋಳಿಗೆ ತಿಂದವನು. ನನಗೆ ಕಂಡಿರಲಿಲ್ಲ. ಕಣ್ಣು ಮುಚ್ಚಿ ಕೂತಿದ್ದ ಅತ್ತೆಗೆ ಕಂಡಿತ್ತು. ಅತ್ತೆ ದಡದ ಕಡೆ ತಿರುಗಿ ಅಮ್ಮನಿಗೆ ಹೇಳಿದರು. “ಕಮಲಾ, ಕಾಲ್ಗುಣ ಅಂದ್ಯಲ್ಲ. ನಮ್ಮೂರ ಕೆರೆಗೆ ಬಿದ್ದಿದ್ರೆ ಸಿಕ್ತಿತ್ತೇನೆ? ಇವಳೂರ ನೀರಾಗಿದ್ದಕ್ಕೆ ತೊಳೆದು ಇಟ್ಕಂಡು ವಾಪಸ್ ಕೊಡ್ತು.”

ಅಮ್ಮ ಬಿದಿರು ಕಡ್ಡಿ ಹಿಡಿದುಕೊಂಡೇ ಅಳುತ್ತಿದ್ದರು. “ನನ್ ಬಾಯಿಗಿಷ್ಟು ಬೆಂಕಿ ಹಾಕ. ಕುಡಿಯೇ ಗಿರಿಜಾ, ಕುಡಿಯೇ ನನ್ನವ್ವ. ನೀನು ಕುಡೀದೆ ಅವರು ಕುಡಿಯಲ್ಲ.”

ಗಿರಿಜೆ ಅತ್ತೆಯ ಬೊಗಸೆಗೆ ಬಾಯಿ ಹಚ್ಚಿದಳು. ಕುಡಿಯುತ್ತಲೇ ಅತ್ತಳು. ಆಮೇಲೆ ತನ್ನ ಎರಡೂ ಕೈ ಜೋಡಿಸಿ ನೀರು ಮೊಗೆದು ಅತ್ತೆಯ ಬಾಯಿಗೆ ಹಿಡಿದಳು. ಅತ್ತೆ ಕುಡಿದರು. ಗಂಟಲಿನಲ್ಲಿ ನೀರು ಇಳಿದ ಸದ್ದು ದಡದಲ್ಲಿದ್ದ ನಮಗೂ ಕೇಳಿಸಿತು. ಅಪ್ಪ ನೇರಳೆ ಮರಕ್ಕೆ ಒರಗಿ ಹಾಗೆಯೇ ಕುಸಿದು ಕೂತರು. ಬೊಗಸೆ ಖಾಲಿಯಾಯಿತು. ಗಿರಿಜೆ ಇನ್ನೊಮ್ಮೆ ಮೊಗೆದಳು, ಮತ್ತೊಮ್ಮೆ ಮೊಗೆದಳು. ನೀರು ಅತ್ತೆಯ ಗಲ್ಲದಿಂದ ಇಳಿದು, ಕೊರಳಿನ ಕರಡಿಗೆಯ ಮೇಲೆ ಬಿದ್ದು, ಊಟೆಗೇ ಸೇರುತ್ತಿತ್ತು. ಸಾಕೇನೋ ಎಂದುಕೊಂಡು ಅವಳು ಕೈ ಹಿಂದಕ್ಕೆ ತೆಗೆದಳು.

“ಹಾಕೇ, ಇನ್ನೂ ಹಾಕು” ಎಂದರು ನಮ್ಮ ಅತ್ತೆ. “ನೀರಿಗೇನು ಬರಗಾಲ?”